ಇವನಿಗೆ ಹುಷಾರಿಲ್ಲ

ಕಳೆದ ತಿಂಗಳ ಒಂದು ಸಂಜೆ ನಾನು ಮತ್ತು ನನ್ನ ಹನ್ನೆರಡು ವರ್ಷದ ಮಗ ಮೈಸೂರಿನ ನಗರ ಬಸ್ ನಿಲ್ದಾಣದಲ್ಲಿ ಕುವೆಂಪುನಗರದ ಬಸ್ ಹತ್ತಿದೆವು. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರಿಂದ ಅರ್ಧ ದಾರಿ ಸುಖವಾಗಿಯೇ ಕಳೆಯಿತು. ಆಮೇಲೆ ಒಂದು ವೃತ್ತದಲ್ಲಿ ವಾಹನಗಳೆಲ್ಲ ಸಿಕ್ಕಿಕೊಂಡವು. ಹಿಂದಿನ ಲಾರಿಯವರು ಹಾರನ್ ಒತ್ತಿ ಹಿಡಿದರು, ನಮ್ಮ ಚಾಲಕರೂ ಒತ್ತಿದರು. ಪುಟ್ಟ (ಮನೆಯಲ್ಲಿ ಅವನನ್ನು ಕರೆಯುವುದು ಹಾಗೆ, ಇಲ್ಲಿಯೂ ಹಾಗೆಯೇ ಇರಲಿ) ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ತೂಗತೊಡಗಿದ. ಗಂಟಲಿನಿಂದ ಒಂದೇ ಶ್ರುತಿಯ ಗುಂಯ್‌ಗುಡುವ ಸದ್ದು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು. ಒಮ್ಮೆ ಅವನನ್ನು, ಒಮ್ಮೆ ನನ್ನನ್ನು, ಮತ್ತೆ ಅವನನ್ನು. ಈ ನೋಟದ ಕ್ರಮ ನನಗೆ ಬಾಯಿಪಾಠವಾಗಿದೆ. ಅದಕ್ಕೆ ಕೊಡುವ ಉತ್ತರವೂ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಪುಟ್ಟನೇ ಆ ಹೆಂಗಸಿನ ಕಡೆಗೆ ಮುಖ ಮಾಡಿ, ಕಿವಿಯಿಂದ ಕೈ ತೆಗೆಯದೆ, "ಇವನಿಗೆ ಹುಷಾರಿಲ್ಲ" ಎಂದ.

ನನ್ನದೇ ಮಾತು. ನನ್ನದೇ ಧ್ವನಿ. ಕೊನೆಗೆ ಬಂದಾಗ ತಗ್ಗಿ, ಕ್ಷಮೆ ಕೇಳುವಂತೆ ಕೆಳಗಿಳಿಯುವ ಆ ಎಳೆತವೂ ನನ್ನದೇ. "ಯಾರಿಗಪ್ಪಾ?" ಎಂದು ಆ ಹೆಂಗಸು ಅಕ್ಕಪಕ್ಕ ನೋಡಿದರು. ಅವನು ಮತ್ತೊಮ್ಮೆ ಹೇಳಿದ. ನಾನು ಮೂರು ನಿಲ್ದಾಣ ಮೊದಲೇ ಇಳಿದು ಅವನನ್ನು ನಡೆಸಿಕೊಂಡು ಮನೆಗೆ ಬಂದೆ. ಆ ರಾತ್ರಿಯಿಂದ ಈ ವಾಕ್ಯ ನನ್ನನ್ನು ಬಿಟ್ಟಿಲ್ಲ.

ಪುಟ್ಟನದು ಕೇಳಿದ್ದನ್ನು ಇಡಿಯಾಗಿ ಎತ್ತಿಟ್ಟುಕೊಂಡು ಬೇಕಾದಾಗ ಹೊರತೆಗೆಯುವ ಮಾತು. ನೀರು ಬೇಕಾದರೆ "ನಿನಗೆ ನೀರು ಬೇಕಾ?" ಎನ್ನುತ್ತಾನೆ. ನೀರಿನ ಲೋಟ ಬರುವ ಮುಂಚೆ ಅವನ ಕಿವಿಗೆ ಬೀಳುವುದು ಆ ಪ್ರಶ್ನೆಯೇ ಅಲ್ಲವೇ? ಹೊರಗೆ ಹೋಗಬೇಕೆನಿಸಿದರೆ "ಪ್ರಯಾಣಿಕರ ಗಮನಕ್ಕೆ" ಎಂದು ರೈಲು ನಿಲ್ದಾಣದ ಪ್ರಕಟಣೆ ಶುರು ಮಾಡುತ್ತಾನೆ. ತಜ್ಞರು ಇದನ್ನು ಎಕೊಲೇಲಿಯಾ ಎನ್ನುತ್ತಾರೆ. 1943ರಲ್ಲಿ ಬಾಲ್ಟಿಮೋರ್‌ನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆದು ಪುಟ್ಟನಿಗಿರುವ ಆಟಿಸಂ ಅನ್ನು ವೈದ್ಯಲೋಕಕ್ಕೆ ಪರಿಚಯಿಸಿದರಲ್ಲ, ಆ ಪ್ರಬಂಧದಲ್ಲಿಯೇ 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುವ ಈ ಅದಲುಬದಲಿನ ವಿವರವಿದೆ. ಬಹಳ ಕಾಲ ಇದನ್ನು ಬರಿಯ ಗಿಳಿಪಾಠ ಎಂದು ತಳ್ಳಿಹಾಕಿದರು. ಜೊತೆಯಲ್ಲಿ ಬದುಕಿದವರಿಗೆ ಗೊತ್ತು, ಅವನ ಒಂದೊಂದು ಎರವಲು ವಾಕ್ಯಕ್ಕೂ ಒಂದು ನೆಲೆ ಇರುತ್ತದೆ. ಯಾವ ಹೊತ್ತಿನಲ್ಲಿ, ಯಾವ ಬಿಕ್ಕಟ್ಟಿನಲ್ಲಿ ಅದನ್ನು ಕೇಳಿದ್ದನೋ ಅಂಥದೇ ಹೊತ್ತಿನಲ್ಲಿ ಅದು ಹೊರಬರುತ್ತದೆ. ಹಾಗಾದರೆ 'ಇವನಿಗೆ ಹುಷಾರಿಲ್ಲ' ಎಂಬುದು ಅವನ ಲೆಕ್ಕದಲ್ಲಿ ಏನು? ಸದ್ದು ಹೆಚ್ಚಾದಾಗ, ಜನ ತಿರುಗಿದಾಗ, ಅಮ್ಮನ ಹಿಡಿತ ಬಿಗಿಯಾದಾಗ ಹೇಳುವ ಮಾತು. ನಾನು ಎಂಟು ವರ್ಷಗಳಿಂದ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ದಂತವೈದ್ಯರ ಸಾಲಿನಲ್ಲಿ ಅವನ ತಲೆಯ ಮೇಲಿನಿಂದ ಅಪರಿಚಿತರಿಗೆ ದಾಟಿಸಿದ ಮಾತು. ಅವನಿಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದೆನೇ? ಇಲ್ಲ. ಕೇಳಿಸಿದರೂ ತಾಗುವುದಿಲ್ಲ ಎಂದುಕೊಂಡಿದ್ದೆ.

ಹುಷಾರು

ಆ ಮಾತನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಆಟಿಸಂಗೆ 'ಸ್ವಲೀನತೆ' ಎಂಬ ಕನ್ನಡ ಪದವಿದೆ, ಪತ್ರಿಕೆಗಳಲ್ಲಿ ಓದುತ್ತೇವೆ. ತನ್ನಲ್ಲಿ ತಾನು ಲೀನವಾಗಿರುವುದು. ಪದವೇನೋ ಚೆನ್ನಾಗಿದೆ, ಆದರೆ ಬಸ್ಸಿನ ನಿರ್ವಾಹಕರಿಗೆ ಅದನ್ನು ಹೇಳಲು ನನ್ನಿಂದಾಗಲಿಲ್ಲ. 'ಆಟಿಸಂ' ಎಂದರೆ "ಹಾಗೆಂದರೆ?" ಎಂಬ ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರಿಸುವಷ್ಟು ಸಮಯ ಎರಡು ನಿಲ್ದಾಣಗಳ ನಡುವೆ ಇರುವುದಿಲ್ಲ. ನಾನು ಹೇಳದಿದ್ದರೆ ಜನರೇ ಒಂದು ಪದ ಹುಡುಕಿಕೊಳ್ಳುತ್ತಾರೆ. ಮಂದ, ಪೆದ್ದು, ಬುದ್ಧಿಮಾಂದ್ಯ, ಹುಚ್ಚು. ಸ್ವಲ್ಪ ಕನಿಕರವಿದ್ದವರು 'ದೇವರ ಮಗು' ಎಂದು ಕೈ ಮುಗಿದುಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಇವೆಲ್ಲದರ ನಡುವೆ 'ಹುಷಾರಿಲ್ಲ' ಎಷ್ಟು ಮೆತ್ತಗಿನ ಪದ! ಜ್ವರವೂ ಹುಷಾರಿಲ್ಲ, ಹೊಟ್ಟೆನೋವೂ ಹುಷಾರಿಲ್ಲ. ಕೇಳಿದವರು "ಅಯ್ಯೋ, ಏನಾಯಿತು" ಎಂದು ಮುಖ ಮೆದು ಮಾಡಿಕೊಂಡು ಸುಮ್ಮನಾಗುತ್ತಾರೆ. ನಾಳೆ ಸರಿಹೋಗುವ ಸಂಗತಿ ಎಂಬ ಭಾವ ಅದರಲ್ಲಿದೆ. ಆ ಸುಳ್ಳು ನನಗೂ ಬೇಕಿತ್ತು.

ಆದರೆ ನಮ್ಮ ಭಾಷೆಯಲ್ಲಿ ಹುಷಾರು ಎಂಬುದಕ್ಕೆ ಒಂದೇ ಅರ್ಥವಿಲ್ಲ. ಆರೋಗ್ಯಕ್ಕೂ ಅದೇ ಪದ, ಜಾಣತನಕ್ಕೂ ಅದೇ ಪದ, ಎಚ್ಚರಿಕೆಗೂ ಅದೇ ಪದ. "ಹುಡುಗ ಬಹಳ ಹುಷಾರು" ಎಂದು ನೆರೆಮನೆಯ ಮಗುವನ್ನು ಹೊಗಳುತ್ತೇವೆ. ರಸ್ತೆ ದಾಟುವಾಗ "ಹುಷಾರು" ಎಂದು ಕೈ ಹಿಡಿಯುತ್ತೇವೆ. ನನ್ನ ಮಗನ ಎದುರಿಗೇ ನಾನು ಇಷ್ಟು ವರ್ಷ ಹೇಳಿದ್ದು ಇವನ ಮೈ ಸರಿಯಿಲ್ಲ ಎಂದೋ, ಇವನು ಜಾಣನಲ್ಲ ಎಂದೋ, ಇವನ ವಿಷಯದಲ್ಲಿ ಎಚ್ಚರವಾಗಿರಿ ಎಂದೋ? ಯಾವುದನ್ನು ಅವನು ಎತ್ತಿಟ್ಟುಕೊಂಡ?

ಉಪ್ಪರಿಗೆಯ ಕೋಣೆ

ಗಂಡನ ಮನೆ ಬೆಳ್ತಂಗಡಿ ಕಡೆ. ಅಲ್ಲಿ ಹುಷಾರಿಲ್ಲ ಎನ್ನುವುದಿಲ್ಲ, 'ಸೌಖ್ಯ ಇಲ್ಲ' ಎನ್ನುತ್ತಾರೆ. ಹಾಸನದ ಹುಡುಗಿಯಾದ ನನಗೆ ಮದುವೆಯಾದ ಹೊಸದರಲ್ಲಿ ಆ ಮಾತು ಪುಸ್ತಕದ ಕನ್ನಡದ ಹಾಗೆ ಕೇಳುತ್ತಿತ್ತು. ಪುಟ್ಟನಿಗೆ ಮೂರೂವರೆ ತುಂಬಿದಾಗ ಅವನಿಗೆ ಆಟಿಸಂ ಇರುವುದು ಖಚಿತವಾಯಿತು. ಅದಕ್ಕೂ ಮುಂಚೆ ಮನೆಯವರೆಲ್ಲ ತಮಗೆ ತಿಳಿದದ್ದನ್ನೆಲ್ಲ ಮಾಡಿದ್ದರು. "ಗಂಡುಮಕ್ಕಳಿಗೆ ಮಾತು ತಡ, ಅವನ ಅಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟದ್ದು" ಎಂದು ಅತ್ತೆ ಧೈರ್ಯ ಹೇಳುತ್ತಿದ್ದರು. ಬೆಳಿಗ್ಗೆ ಎದ್ದು ಜೇನುತುಪ್ಪದಲ್ಲಿ ಬಜೆ ತೇಯ್ದು ಅವನ ನಾಲಗೆಗೆ ಹಚ್ಚುತ್ತಿದ್ದರು. ಅವನು ಉಗುಳುತ್ತಿದ್ದ, ಅವರು ಮತ್ತೆ ಹಚ್ಚುತ್ತಿದ್ದರು.

ಆ ವರ್ಷವೇ ನಾದಿನಿಯ ಮದುವೆಯ ಮಾತು ಬಂದಿತು. ಗಂಡಿನ ಕಡೆಯವರು ಬರುವ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ, ಅತ್ತೆ ಹೇಳಿದರು: "ನಾಳೆ ನೀನು ಪುಟ್ಟನನ್ನು ಉಪ್ಪರಿಗೆಯಲ್ಲಿಯೇ ಇಟ್ಟುಕೋ ಮಗಳೇ. ಮಾತು ಒಂದು ಹಂತಕ್ಕೆ ಬರಲಿ. ಆಮೇಲೆ ಹೇಳುವುದು ಇದ್ದದ್ದೇ." ನಾನು ಹೂಂ ಎಂದೆ. ಅವರಿಗೆ ಇದನ್ನು ಹೇಳುವುದು ಎಷ್ಟು ಕಷ್ಟವಾಗಿತ್ತು ಎಂಬುದು ಬದನೆಕಾಯಿಯ ಹೋಳುಗಳು ಆ ದಿನ ಒಂದಕ್ಕೊಂದು ಹೊಂದದೆ ಬಿದ್ದಿದ್ದರಲ್ಲಿ ಕಾಣುತ್ತಿತ್ತು.

ಮರುದಿನ ಸುಮಾರು ಎರಡೂವರೆ ಗಂಟೆ ನಾವಿಬ್ಬರೂ ಮೇಲಿದ್ದೆವು. ಅಂಗಳದಲ್ಲಿ ಒಣಹಾಕಿದ್ದ ಅಡಕೆಯಲ್ಲಿ ಒಂದು ಬೋಗುಣಿ ತುಂಬ ತಂದು ಪುಟ್ಟನಿಗೆ ಕೊಟ್ಟಿದ್ದೆ. ಅವನು ಅವುಗಳನ್ನು ಕಿಟಕಿಯ ಬುಡದಿಂದ ಮಂಚದ ಕಾಲಿನವರೆಗೆ ಒಂದೇ ಗೆರೆಯಲ್ಲಿ ಜೋಡಿಸುತ್ತಿದ್ದ. ಗೆರೆ ಎಲ್ಲಿಯೂ ಸೊಟ್ಟಗಾಗಲಿಲ್ಲ. ಕೆಳಗಿನಿಂದ ಗೋಳಿಬಜೆಯ ಪರಿಮಳ, ನಗು, ಲೋಟಗಳ ಸದ್ದು. ಯಾರೋ "ಸೊಸೆ ಕಾಣುವುದಿಲ್ಲವಲ್ಲ?" ಎಂದರು. "ಅವಳಿಗೆ ಸೌಖ್ಯ ಇಲ್ಲ, ಮಲಗಿದ್ದಾಳೆ" ಎಂದು ಅತ್ತೆಯ ಧ್ವನಿ. ಆ ಕ್ಷಣದಲ್ಲಿಯೇ ಗೆರೆ ಮಂಚದ ಕಾಲನ್ನು ಮುಟ್ಟಿತು. ಪುಟ್ಟ ಖುಷಿಯಿಂದ ಕೀ ಎಂದು ಕಿರುಚಲು ಬಾಯಿ ತೆರೆದ. ನಾನು ಅವನ ಬಾಯಿಯನ್ನು ಅಂಗೈಯಿಂದ ಮುಚ್ಚಿದೆ.

ಎಷ್ಟು ಹೊತ್ತು ಮುಚ್ಚಿದ್ದೆನೋ ತಿಳಿಯದು, ಹತ್ತು ಸೆಕೆಂಡ್ ಇರಬಹುದು. ಅಂಗೈಗೆ ಅವನ ಉಸಿರು ಬಿಸಿಯಾಗಿ, ಒದ್ದೆಯಾಗಿ ತಾಗುತ್ತಿತ್ತು. ಕಣ್ಣಲ್ಲಿ ಕಣ್ಣಿಟ್ಟು ನೋಡದ ಮಗು ಅದು, ಆಗ ನೋಡಿದ. ಸಿಟ್ಟಿರಲಿಲ್ಲ, ಹೆದರಿಕೆಯೂ ಇದ್ದಂತೆ ಕಾಣಲಿಲ್ಲ. ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಲು ಹೊರಟಾಗ ಮಕ್ಕಳು ನೋಡುವ ಹಾಗೆ ನೋಡಿದ. ಇಂದಿಗೂ ಬಲಗೈಯನ್ನು ಮುಖದ ಹತ್ತಿರ ತಂದರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದು ಆ ದಿನದಿಂದ ಬಂದದ್ದೋ ಅಲ್ಲವೋ, ನಾನು ಮಾತ್ರ ಅದನ್ನು ಬೇರೆ ಯಾವುದಕ್ಕೂ ಹೊಂದಿಸಿ ನೋಡಲಾರೆ.

ಮದುವೆ ನಡೆಯಿತು. ಎರಡು ತಿಂಗಳ ನಂತರ ನಾದಿನಿಯೇ ತನ್ನ ಗಂಡನಿಗೆ ಎಲ್ಲವನ್ನೂ ಹೇಳಿದಳು. "ನನ್ನನ್ನು ಒಂದು ಮಾತು ಕೇಳಬೇಕಿತ್ತು ಅತ್ತಿಗೆ, ಅವನನ್ನು ಬಚ್ಚಿಟ್ಟು ಆಗುವ ಮದುವೆ ನನಗೆ ಬೇಕಿರಲಿಲ್ಲ" ಎಂದು ನನ್ನ ಮೇಲೆಯೇ ಸಿಟ್ಟಾದಳು. ಅವಳ ಮಾತು ನಿಜ. ಆ ಮನೆಯಲ್ಲಿ ಆ ದಿನ 'ಆಗುವುದಿಲ್ಲ' ಎನ್ನಬಹುದಾಗಿದ್ದವಳು ನಾನು. ಆದರೆ ನಾನೂ ಹೆದರಿದ್ದೆ. ನನ್ನ ಮಗನಿಂದ ಒಂದು ಹುಡುಗಿಯ ಸಂಬಂಧ ತಪ್ಪಿತು ಎಂಬ ಮಾತನ್ನು ಹೊತ್ತು ಆ ಅಡುಗೆಮನೆಯಲ್ಲಿ ಮುಂದಿನ ಇಪ್ಪತ್ತು ವರ್ಷ ಹೇಗೆ ಓಡಾಡಲಿ ಎಂಬ ಹೆದರಿಕೆ.

ಮಣ್ಣಿನ ಮಗು

ಇದೇ ಅತ್ತೆಯ ಇನ್ನೊಂದು ಚಿತ್ರವನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಮರುವರ್ಷ ರಜೆಯಲ್ಲಿ ಅವರು ನಮ್ಮನ್ನು ಸುರ್ಯಕ್ಕೆ ಕರೆದುಕೊಂಡು ಹೋದರು. ಉಜಿರೆಯ ಹತ್ತಿರ ನಡ ಗ್ರಾಮದಲ್ಲಿರುವ ಸದಾಶಿವ ರುದ್ರ ದೇವಸ್ಥಾನ ಅದು, ಆ ಕಡೆಯವರಿಗೆಲ್ಲ ಗೊತ್ತು. ಅಲ್ಲಿ ಮಣ್ಣಿನ ಹರಕೆ. ಮನೆ ಬೇಕಾದವರು ಮಣ್ಣಿನ ಮನೆ ಒಪ್ಪಿಸುತ್ತಾರೆ, ಮಗು ಬೇಕಾದವರು ತೊಟ್ಟಿಲು, ಕಾಲುನೋವಿನವರು ಕಾಲು. ಅತ್ತೆ ಕೈಯಷ್ಟುದ್ದದ ಒಂದು ಮಗುವಿನ ಗೊಂಬೆ ತೆಗೆದುಕೊಂಡರು. ಅದಕ್ಕೆ ಬಾಯಿಯ ಜಾಗದಲ್ಲಿ ಉಗುರಿನಿಂದ ಗೀರಿದಂತೆ ಒಂದು ಸಣ್ಣ ಗೆರೆ ಇತ್ತು.

ಹರಕೆ ಬನದಲ್ಲಿ, ಮರಗಳ ಬುಡದಲ್ಲಿ, ವರ್ಷಗಳಿಂದ ಬಂದ ಮಣ್ಣಿನ ಬೇಡಿಕೆಗಳು ರಾಶಿ ಬಿದ್ದಿರುತ್ತವೆ. ಮಳೆಯಲ್ಲಿ ನೆನೆದು, ಪಾಚಿ ಹಿಡಿದು, ಮನೆಗಳು ಕಾಲುಗಳ ಮೇಲೆ, ತೊಟ್ಟಿಲುಗಳು ಮನೆಗಳ ಮೇಲೆ. ಪುಟ್ಟನಿಗೆ ಅದು ಸ್ವರ್ಗ. ಅವನು ಕೂಗಿಕೊಂಡು ಮುಂದಕ್ಕೆ ಓಡಿದ, ಕೈ ಬಡಿದ, ಕುಕ್ಕರುಗಾಲಿನಲ್ಲಿ ಕುಳಿತು ತೂಗತೊಡಗಿದ. ಜನ ತಿರುಗಿದರು. ನಾನು ನನ್ನ ವಾಕ್ಯಕ್ಕೆ ಸಿದ್ಧಳಾದೆ. ಅತ್ತೆ ನನಗಿಂತ ಮುಂಚೆ, ಧ್ವನಿ ಒಂದಿಷ್ಟೂ ತಗ್ಗಿಸದೆ, ಪಕ್ಕದಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ನನ್ನ ಮೊಮ್ಮಗ. ಇವನಿಗೆ ಮಾತು ಬರಲಿಲ್ಲ. ಅದನ್ನು ಕೇಳಲಿಕ್ಕೆ ಬಂದದ್ದು ನಾವು." ಒಬ್ಬ ಮುದುಕರು "ಬರುತ್ತದೆ ಅಮ್ಮಾ, ಬರುತ್ತದೆ" ಎಂದರು. ಇನ್ನೊಬ್ಬ ಹೆಂಗಸು ತನ್ನ ಕೈಯಲ್ಲಿದ್ದ ಮಣ್ಣಿನ ಕಿವಿಯನ್ನು ತೋರಿಸಿದರು. ಅಲ್ಲಿ ನಿಂತವರೆಲ್ಲರ ಕೈಯಲ್ಲಿಯೂ ಒಂದೊಂದು ಕೊರತೆ ಬಹಿರಂಗವಾಗಿ ಇತ್ತು. ಯಾರೂ ಯಾರಿಂದಲೂ ಮುಚ್ಚಿಡಬೇಕಾಗಿರಲಿಲ್ಲ.

ಪುಟ್ಟನಿಗೆ ಮಾತು ಬಂದದ್ದು ಆರೂವರೆ ವರ್ಷಕ್ಕೆ, ತರಬೇತಿಯಿಂದ, ಅಕ್ಷರಕ್ಕೆ ಅಕ್ಷರ ಕೂಡಿಸಿ ಎಂದು ನಾನು ನಂಬಿದ್ದೇನೆ. ಹರಕೆಯಿಂದ ಎಂದು ಅತ್ತೆ ನಂಬಿದ್ದಾರೆ. ಈ ವಿಷಯದಲ್ಲಿ ನಾವಿಬ್ಬರೂ ಜಗಳವಾಡುವುದಿಲ್ಲ. ಹರಕೆ ಹೊತ್ತವರನ್ನು ಮೂಢರು ಎಂದು ಬರೆಯುವ ಬರಹಗಳನ್ನು ಓದಿದಾಗ ಮಾತ್ರ ನನಗೆ ಆ ಬನ ನೆನಪಾಗುತ್ತದೆ. ನನ್ನ ಮಗನನ್ನು ಬಚ್ಚಿಡಿಸಿದ್ದು ದೇವರ ಭಯವಾಗಿರಲಿಲ್ಲ. ಕೆಳಗೆ ಜಗಲಿಯಲ್ಲಿ ಓದಿದವರು, ಉದ್ಯೋಗದಲ್ಲಿರುವವರು ಕುಳಿತು 'ಮನೆತನದಲ್ಲಿ ಏನಾದರೂ ಇದೆಯೇ' ಎಂದು ಹುಡುಕುವ ಆ ಕಣ್ಣುಗಳ ಭಯವಾಗಿತ್ತು.

ಕಾರಿಡಾರಿನ ತಾಯಂದಿರು

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾದದ್ದು. ಮೈಸೂರಿನ ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಎಂದರೆ ಸಾಕು. ಮಕ್ಕಳ ತರಬೇತಿಗಾಗಿ ಎಲ್ಲೆಲ್ಲಿಂದಲೋ ಬಂದ ತಾಯಂದಿರು ಸುತ್ತಲಿನ ಬಡಾವಣೆಗಳಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ವರ್ಷಗಟ್ಟಲೆ ಇರುತ್ತಾರೆ. ನಾನೂ ಹಾಗೆಯೇ ಪ್ರೌಢಶಾಲೆಯ ಕೆಲಸ ಬಿಟ್ಟು ಬಂದವಳು. ಗಂಡ ಮಂಗಳೂರಿನ ಬ್ಯಾಂಕಿನಲ್ಲಿ, ಶನಿವಾರ ರಾತ್ರಿ ಬಂದು ಭಾನುವಾರ ರಾತ್ರಿ ಹೊರಡುತ್ತಿದ್ದರು. ಕೊಪ್ಪಳದಿಂದ ಬಂದವರಿದ್ದರು, ಕಲಬುರಗಿಯವರು, ವಯನಾಡಿನವರು. ಬಾಗಿಲಾಚೆ ಮಕ್ಕಳ ತರಬೇತಿ ನಡೆಯುವಾಗ ಬೆಂಚಿನ ಮೇಲೆ ಕುಳಿತು ಮಾತಾಡುತ್ತಿದ್ದೆವು.

ಅಲ್ಲಿ ನನಗೆ ತಿಳಿದದ್ದೇನೆಂದರೆ, ಪ್ರತಿಯೊಬ್ಬ ತಾಯಿಗೂ ಅವಳ ಮನೆಯವರು ಒಂದು ಕಾರಣವನ್ನು ಕೊಟ್ಟು ಕಳುಹಿಸಿದ್ದರು. ಒಬ್ಬಳಿಗೆ ಗ್ರಹಣದ ದಿನ ಹೊರಗೆ ಬಂದದ್ದು. ಒಬ್ಬಳಿಗೆ ಬಸುರಿಯಿದ್ದಾಗ ಸ್ಕೂಟರ್ ಓಡಿಸಿದ್ದು. ಒಬ್ಬಳಿಗೆ ಮಗುವಿನ ಕೈಗೆ ಮೊಬೈಲ್ ಕೊಟ್ಟದ್ದು, ಇನ್ನೊಬ್ಬಳಿಗೆ ಮೂರನೆಯ ತಿಂಗಳಿಗೇ ಕೆಲಸಕ್ಕೆ ಹೋದದ್ದು. ನನಗೆ ಸಿಕ್ಕಿದ್ದು 'ಮಗುವಿನ ಜೊತೆ ಹೆಚ್ಚು ಮಾತಾಡಲಿಲ್ಲ, ಪುಸ್ತಕ ಹಿಡಿದು ಕುಳಿತಳು' ಎಂಬುದು. ತಂದೆಯರಿಗೆ ಇಂಥ ಕಾರಣ ಕೊಟ್ಟದ್ದನ್ನು ಆ ಬೆಂಚಿನ ಮೇಲೆ ನಾನು ಕೇಳಲೇ ಇಲ್ಲ.

ಇದನ್ನು ಹಳ್ಳಿಯ ಅಜ್ಞಾನ ಎಂದುಕೊಳ್ಳುವವರು ಚರಿತ್ರೆ ಓದಬೇಕು. ತಂದೆತಾಯಿಯರ ತಣ್ಣಗಿನ ವರ್ತನೆಯಿಂದ, ಮುಖ್ಯವಾಗಿ ತಾಯಿಯ ಮಮತೆಯ ಕೊರತೆಯಿಂದ ಮಗು ಒಳಸರಿಯುತ್ತದೆ ಎಂದು ಅಮೆರಿಕದ ಮನೋವೈದ್ಯರೇ ಎರಡು ದಶಕ ಹೇಳಿದರು. 'ರೆಫ್ರಿಜರೇಟರ್ ತಾಯಿ' ಎಂಬ ಹೆಸರನ್ನೇ ಇಟ್ಟರು. ಷಿಕಾಗೋದಲ್ಲಿ ಮಕ್ಕಳ ಚಿಕಿತ್ಸಾಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ ತಾನು ನಾಜಿ ಸೆರೆಶಿಬಿರಗಳಲ್ಲಿ ಕಂಡದ್ದಕ್ಕೆ ಈ ಮಕ್ಕಳ ಸ್ಥಿತಿಯನ್ನು ಹೋಲಿಸಿದರು. ಅಂದರೆ ಕಾವಲುಗಾರನ ಜಾಗದಲ್ಲಿ ತಾಯಿ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಕಾಲದ ತಾಯಂದಿರು ಮಗುವನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದರೆ ತಮ್ಮ ಮೇಲೆಯೇ ತೀರ್ಪು ಹೊತ್ತು ಮರಳುತ್ತಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನೋವಿಜ್ಞಾನಿ, ಸ್ವತಃ ಇಂಥ ಮಗನ ತಂದೆ, ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ವಾದಿಸಿ ಪುಸ್ತಕ ಬರೆದರು. 1969ರಲ್ಲಿ ತಂದೆತಾಯಿಯರ ಸಭೆಯೊಂದರಲ್ಲಿ ಕ್ಯಾನರ್ ಅವರೇ ಎದ್ದು ನಿಂತು ನಿಮ್ಮನ್ನು ದೋಷಮುಕ್ತರನ್ನಾಗಿ ಮಾಡುತ್ತಿದ್ದೇನೆ ಎಂಬರ್ಥದ ಮಾತಾಡಿದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ವಂಶವಾಹಿಗಳ ಪಾತ್ರವನ್ನು ತೋರಿಸಿತು. ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ ಆ ಬಿಡುಗಡೆಯ ಸುದ್ದಿ ನಮ್ಮ ಕಾರಿಡಾರಿಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ.

ತಪ್ಪು ತನ್ನದು ಎಂದು ನಂಬಿದವಳು ಏನನ್ನಾದರೂ ಕೊಡಲು ಸಿದ್ಧಳಿರುತ್ತಾಳೆ. ಬೆಂಚಿನ ಮೇಲಿನ ಒಬ್ಬಾಕೆ ತವರಿನ ಒಡವೆ ಮಾರಿ ಬೇರೊಂದು ಊರಿನಲ್ಲಿ ಮಗನಿಗೆ ಸ್ಟೆಮ್ ಸೆಲ್ ಚುಚ್ಚಿಸಿದ್ದಳು. ಆಟಿಸಂಗೆ ಆ ಚಿಕಿತ್ಸೆ ಸಲ್ಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ಅವಳ ಕಿವಿಯಲ್ಲಿ ಆಗಲೇ ಓಲೆಯ ಬದಲು ಕಡ್ಡಿ ಇತ್ತು. "ಏನೂ ಬದಲಾಗಲಿಲ್ಲ ಅಕ್ಕಾ, ಆದರೆ ಅತ್ತೆ ಮನೆಯವರು ಈಗ ಸುಮ್ಮನಿದ್ದಾರೆ" ಎಂದಳು. ಆ ಹಣ ಕೊಂಡುಕೊಂಡದ್ದು ಆ ಮೌನವನ್ನು. ಅದನ್ನು ಮಾರುವವರ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ.

ದಣಿವು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಲೇಬೇಕು. ಐದು ವರ್ಷದವರೆಗೆ ಪುಟ್ಟ ರಾತ್ರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಮಲಗಿದವನಲ್ಲ. ಎರಡು ಗಂಟೆಗೆ ಎದ್ದು ಫ್ಯಾನಿನ ರೆಕ್ಕೆ ನೋಡುತ್ತಾ ನಗುತ್ತಿದ್ದ, ನಾನು ಗೋಡೆಗೆ ಒರಗಿ ಕುಳಿತಿರುತ್ತಿದ್ದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹದಿಹರೆಯದ ಮತ್ತು ವಯಸ್ಕ ಆಟಿಸಂ ಮಕ್ಕಳ ತಾಯಂದಿರ ಜೊಲ್ಲನ್ನು ಪರೀಕ್ಷಿಸಿದ ಸಂಶೋಧಕರು, ಅದರಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಇತರ ತಾಯಂದಿರಿಗಿಂತ ಕಡಿಮೆಯಿರುವುದನ್ನು ಕಂಡರು. ದೀರ್ಘಕಾಲದ ಒತ್ತಡದಲ್ಲಿ ಬದುಕಿದವರ ದೇಹದಲ್ಲಿ ಹೀಗಾಗುತ್ತದಂತೆ. ದೇಹದ ಎಚ್ಚರಿಕೆ ಗಂಟೆ ಬಾರಿಸಿ ಬಾರಿಸಿ ಸವೆದಂತೆ. ಓದಿದಾಗ ನನ್ನ ಮೈ ನನಗೆ ಅರ್ಥವಾಯಿತು. ಆದರೆ ಆ ರಾತ್ರಿಗಳಲ್ಲಿ ನಾನು ಒಡೆದುಹೋಗಲಿಲ್ಲ. ಕತ್ತಲಲ್ಲಿ ನಾವಿಬ್ಬರೇ ಇರುತ್ತಿದ್ದೆವು, ನೋಡುವವರಿರಲಿಲ್ಲ, ಅವನ ನಗುವಿಗೆ ಕಾರಣ ಕೊಡಬೇಕಾಗಿರಲಿಲ್ಲ. ನನ್ನನ್ನು ಹಿಂಡಿದ್ದು ಹಗಲು. ಒಂದು ನಾಮಕರಣಕ್ಕೆ ಹೊರಡಬೇಕಾದರೆ ಬಾಗಿಲಿಗೆ ಹತ್ತಿರದ ಕುರ್ಚಿ ಯಾವುದು, ವಾಲಗ ಎಷ್ಟು ಹೊತ್ತಿಗೆ, ಯಾರು ಏನು ಕೇಳಬಹುದು, ಯಾರಿಗೆ ಯಾವ ಉತ್ತರ ಎಂದು ಮೂರು ದಿನ ಮೊದಲಿನಿಂದ ಲೆಕ್ಕ. ಪ್ರವೇಶ ಕೇಳಲು ಹೋದ ಒಂದು ಶಾಲೆಯವರು "ನಮಗೇನೂ ತೊಂದರೆಯಿಲ್ಲ, ಬೇರೆ ಮಕ್ಕಳ ಪೋಷಕರು ಒಪ್ಪುವುದಿಲ್ಲ" ಎಂದರು. ಅವರಿಗೆ ನಾನು "ಕ್ಷಮಿಸಿ" ಎಂದು ಹೇಳಿ ಎದ್ದು ಬಂದೆ. ಯಾಕೆ ಹಾಗೆಂದೆ?

ನಲವತ್ತು ಪ್ರಶ್ನೆ

ಗಂಡನ ನಾಚಿಕೆ ಬೇರೆ ಬಗೆಯದು, ಅದಕ್ಕೆ ಸದ್ದಿರಲಿಲ್ಲ. ಆರು ವರ್ಷ ಅವರ ಶಾಖೆಯಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಅಂಗವಿಕಲತೆಯ ಪ್ರಮಾಣಪತ್ರ ಮಾಡಿಸೋಣ ಎಂದು ನಾನು ಹೇಳಿದಾಗಲೆಲ್ಲ ಮುಂದಿನ ತಿಂಗಳಿಗೆ ಹಾಕುತ್ತಿದ್ದರು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಆಟಿಸಂ ಅವುಗಳಲ್ಲಿರಲಿಲ್ಲ. ಹಾಗಾಗಿ ಹಿಂದಿನ ತಲೆಮಾರಿನ ಎಷ್ಟೋ ಮಕ್ಕಳ ಕೈಗೆ ಬುದ್ಧಿಮಾಂದ್ಯ ಎಂಬ ಕಾಗದ ಸಿಕ್ಕಿತು. 2016ರ ಕಾಯ್ದೆ ಇಪ್ಪತ್ತೊಂದನ್ನು ಪಟ್ಟಿ ಮಾಡಿದಾಗ ಆಟಿಸಂಗೆ ಅದರದೇ ಹೆಸರು ಬಂದಿತು. ಇದು ಸಣ್ಣ ಗೆಲುವಲ್ಲ ಎಂದು ನಾನು ವಾದಿಸುತ್ತಿದ್ದೆ. ಅವರು ಒಂದು ದಿನ ಹೇಳಿಬಿಟ್ಟರು: "ಆ ಕಾಗದದಲ್ಲಿ ತಂದೆಯ ಹೆಸರು ಎಂಬ ಜಾಗದಲ್ಲಿ ನನ್ನ ಹೆಸರಿರುತ್ತದೆ."

ಕೊನೆಗೆ ಹೋದಾಗ ಉತ್ತರಿಸಲು ಕುಳಿತದ್ದು ಅವರೇ. ನಮ್ಮ ದೇಶದಲ್ಲಿ ಬಳಸುವ ಆಟಿಸಂ ಮಾಪಕದಲ್ಲಿ ನಲವತ್ತು ಅಂಶಗಳಿವೆ. ಕಣ್ಣು ಕೂಡಿಸುವುದಿಲ್ಲವೇ, ತಿರುಗಿ ನಗುವುದಿಲ್ಲವೇ, ಕೇಳಿದ್ದನ್ನೇ ಹೇಳುತ್ತಾನೆಯೇ. ಪ್ರತಿಯೊಂದಕ್ಕೂ ಅಪರೂಪಕ್ಕೆ ಎಂಬುದಕ್ಕೆ ಒಂದು ಅಂಕ, ಯಾವಾಗಲೂ ಎಂಬುದಕ್ಕೆ ಐದು. 107ರಿಂದ 153ರೊಳಗೆ ಬಂದರೆ ಮಧ್ಯಮ. ದಿನವಿಡೀ ಅಂಕಿಗಳ ಜೊತೆ ಇರುವ ಮನುಷ್ಯ, ಹನ್ನೊಂದನೆಯದೋ ಹನ್ನೆರಡನೆಯದೋ ಪ್ರಶ್ನೆಗೆ ಮೂರೋ ನಾಲ್ಕೋ ಎಂದು ಹೇಳಲಾರದೆ ಸುಮ್ಮನಾದರು. ವಾರಕ್ಕೊಂದು ದಿನ ನೋಡುವ ಮಗನ ಬಗ್ಗೆ ತನಗೆ ಗೊತ್ತಿಲ್ಲದ್ದು ಎಷ್ಟಿದೆ ಎಂದು ಅಲ್ಲಿ ಅವರಿಗೆ ಹೊಳೆದಿರಬೇಕು. ಆರು ತಿಂಗಳಲ್ಲಿ ಮೈಸೂರಿಗೆ ವರ್ಗ ಕೇಳಿ ಬಂದರು. ಕಾರಣದ ಕಾಲಂನಲ್ಲಿ ಆಟಿಸಂ ಎಂದು ಬರೆದಿದ್ದರು. ಈಗ ನಮ್ಮಿಬ್ಬರ ರಾತ್ರಿಯ ಮಾತು ಮುಂದಿನದರ ಬಗ್ಗೆ. ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪಾಲಕರಾಗಲು ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬೇಕು. ಅದಾದ ಮೇಲೆ, ನಾವಿಲ್ಲದ ಮೇಲೆ ಯಾರು? ಆ ಪ್ರಶ್ನೆಯ ಹತ್ತಿರ ಬಂದಾಗ ಇಬ್ಬರೂ ದೀಪ ಆರಿಸುತ್ತೇವೆ.

ಬಸ್ಸಿನ ಸಂಜೆಯ ನಂತರ ಅವನ ಮಾತಿನ ತರಬೇತುದಾರರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಅದಕ್ಕೆ ನಾನು ಋಣಿ. "ಬೇರೆ ವಾಕ್ಯ ಕೊಡಿ. ಅವನು ಹೇಳಬೇಕಾದ ಹಾಗೆಯೇ ಅವನ ಕಡೆಯಿಂದ ನೀವು ಹೇಳಿ" ಎಂದರು. ಹಾಗಾಗಿ ಈಗ ಸದ್ದು ಹೆಚ್ಚಿದಾಗಲೆಲ್ಲ ನಾನು ಅವನ ಪಕ್ಕದಲ್ಲಿ ನಿಂತು "ನನಗೆ ಸದ್ದು ಜಾಸ್ತಿಯಾಯಿತು" ಎನ್ನುತ್ತೇನೆ. ಅಪರಿಚಿತರಿಗೆ "ಇವನಿಗೆ ಆಟಿಸಂ ಇದೆ, ಸದ್ದು ತಡೆಯುವುದಿಲ್ಲ" ಎನ್ನುತ್ತೇನೆ, ಅವನಿಗೆ ಕೇಳುವಂತೆ, ಧ್ವನಿ ತಗ್ಗಿಸದೆ, ಸುರ್ಯದಲ್ಲಿ ಅತ್ತೆ ಹೇಳಿದ ಹಾಗೆ. ಮೊದಲ ಸಲ ಹೇಳಿದಾಗ ತರಕಾರಿ ಅಂಗಡಿಯವರು "ಹಾಗೆಂದರೆ?" ಎಂದೇ ಕೇಳಿದರು. ಎರಡು ನಿಮಿಷ ಹಿಡಿಯಿತು. ಕೇಳಿ ಮುಗಿಸಿ ರೇಡಿಯೋ ಸಣ್ಣಗೆ ಮಾಡಿದರು. ಉದ್ಯಾನದಲ್ಲಿ ಹೇಳಿದ ದಿನ ಒಬ್ಬ ತಾಯಿ ತನ್ನ ಮಗಳನ್ನು ಬೆಂಚಿನ ಆ ತುದಿಗೆ ಎಳೆದುಕೊಂಡಳು. ಎರಡೂ ನಡೆದದ್ದೇ.

ಮೊನ್ನೆ ಭಾನುವಾರ ಅತ್ತೆ ಊರಿನಿಂದ ಬಂದಿದ್ದರು. ದೋಸೆಗೆ ಚಟ್ನಿ ಅರೆಯಲು ಮಿಕ್ಸಿ ಹಾಕಿದೆ. ಪುಟ್ಟ ಕೋಣೆಯಿಂದ ಹೊರಗೆ ಬಂದ. ಒಂದು ಕಿವಿಗೆ ಕೈ, ಇನ್ನೊಂದು ಕಿವಿಯನ್ನು ಭುಜಕ್ಕೆ ಒತ್ತಿಕೊಂಡಿದ್ದ. ಕಿರುಚಲಿಲ್ಲ. ನೇರವಾಗಿ ಬಂದು ಗೋಡೆಯ ಸ್ವಿಚ್ ಆರಿಸಿದ. ಜಾರಿನೊಳಗಿನ ತಿರುಗಾಟ ನಿಲ್ಲುವವರೆಗೂ ಅದನ್ನೇ ನೋಡುತ್ತಾ ನಿಂತ. ನಾನು ಹೊಸ ವಾಕ್ಯಕ್ಕಾಗಿ ಕಾದೆ. ತುಟಿ ಎರಡು ಸಲ ಅಲುಗಿತು. ಆಮೇಲೆ ಮಿಕ್ಸಿಯನ್ನು ತೋರಿಸಿ ಹೇಳಿದ:

"ಸದ್ದಿಗೆ ಹುಷಾರಿಲ್ಲ."

ಅತ್ತೆ ದೋಸೆಯ ಸೌಟನ್ನು ಕೆಳಗಿಟ್ಟರು. "ಹೌದಾ ಪುಟ್ಟಾ? ಹಾಗಾದರೆ ಅದು ಮಲಗಲಿ" ಎಂದು ಜಾರನ್ನು ಎತ್ತಿಕೊಂಡು, ಒರಳು ಎಲ್ಲಿಟ್ಟಿದ್ದೀಯ ಎಂದು ನನ್ನನ್ನು ಕೇಳಿದರು.